ಕೆರೆ ಖುಲ್ಲಾ ಆದ ಮೇಲೆ

ಆ ದಿನ ನಿಂಬೆವ್ವ ಪುಂಡಿಪಲ್ಯ ಮಾಡಿದ್ದಳು. ಉಪ್ಪು ಹೆಚ್ಚಾಗಿತ್ತು. ಗಂಡ ಚಂದ್ರಾಮಪ್ಪ ಒಂದು ತುತ್ತು ಬಾಯಿಗಿಟ್ಟು, ಉಪ್ಪಿನ ಗಾಡಿ ನಮ್ಮ ಮನಿ ಮುಂದೇ ಮಗುಚಿತ್ತೇನು ಅಂತ ಕೇಳಿದ. ಬ್ಯಾಡಾದರ ಬಿಡು ಅಂದಳು ಆಕಿ. ಅಂವ ಬಿಡಲಿಲ್ಲ. ಮೂರು ರೊಟ್ಟಿ ಮುರಿದು ತಿಂದ, ಮತ್ತೊಂದು ಕೇಳಿದ.

ಅವರ ಗುಡಿಸಲು ಕೆರೆಯ ಏರಿಯ ಮೇಲೆ ಇತ್ತು. ಅತನೂರಿನಿಂದ ಒಂದು ಹರದಾರಿ ಆಚೆಗಿನ ಊರು ಅದು. ಊರಲ್ಲಿ ಎಲ್ಲಿ ತೋಡಿದರೂ ಸವಳು ನೀರು. ಸಿಹಿನೀರು ಅಂದರೆ ಆ ಕೆರೆಯೊಂದೇ. ಸುತ್ತ ಕಲ್ಲು ಕಟ್ಟಿದ ಕೆರೆ, ಒಂದು ಕಡೆ ಮೆಟ್ಟಿಲು, ಮೆಟ್ಟಿಲ ತಲೆಗೆ ಒಂದು ಕಟ್ಟೆ. ಹೆಂಗಸರು ಕಟ್ಟೆಯ ಮೇಲೆ ನಿಂತು ಹಗ್ಗ ಬಿಟ್ಟು ಸೇದಬೇಕು. ಮೆಟ್ಟಿಲು ಇಳಿಯಂಗಿಲ್ಲ. ನೀರಿಗೆ ಕಾಲು ತಾಗಿಸಂಗಿಲ್ಲ. ಈಸು ಬೀಳಂಗಿಲ್ಲ, ಅರಿವೆ ಒಗೆಯಂಗಿಲ್ಲ, ಎತ್ತು ತೊಳೆಯಂಗಿಲ್ಲ. ಗಾಳ, ಬಲೆ ಅನ್ನುವ ಮಾತು ಬಾಯಲ್ಲೂ ತರಂಗಿಲ್ಲ. ಹೊಲಗೇರಿಯವರು ಕಟ್ಟೆಯನ್ನೂ ಹತ್ತಂಗಿಲ್ಲ. ಅವರು ಬೇವಿನ ಬುಡಕ್ಕೆ ಕೊಡ ಇಟ್ಟು ದೂರ ನಿಂತರೆ ಚಂದ್ರಾಮಪ್ಪ ಸೇದಿ ತಂದು ಎತ್ತರದಿಂದ ಸುರಿಯುತ್ತಿದ್ದ.

ಅಂವ ಕೆರೆ ಕಾಯುವವನು. ಜಾತಿಯಿಂದ ಕಬ್ಬಲಿಗ, ಭೀಮಾ ದಂಡೆಯ ಹುಟ್ಟು. ಅವರಪ್ಪ ಹರಗೋಲು ಹಾಕುತ್ತಿದ್ದ, ಮೀನು ಹಿಡಿಯುತ್ತಿದ್ದ. ಬೆಕ್ಕಿನ ಕೈಗೆ ಹಾಲಿನ ಗಡಿಗಿ ಕೊಟ್ಟಂಗಾತು ಅಂತ ಊರವರು ಮೊದಮೊದಲು ನಕ್ಕಿದ್ದರು. ಪೋಲೀಸ ಪಾಟೀಲ ದೌಲತರಾಯ ಮಾತ್ರ, ಮೀನು ಹಿಡಿಯೋ ಹಾದಿ ಬಲ್ಲವನೇ ಮೀನುಗಳ್ಳರನ್ನು ಹಿಡಿಯಬಲ್ಲ ಅಂದಿದ್ದ. ಅದು ಖರೆ ಆಯಿತು. ಯಾರಾದರೂ ಗಾಳಕ್ಕೆ ಎರೆಹುಳ ಚುಚ್ಚುವ ಮೊದಲೇ ಚಂದ್ರಾಮಪ್ಪ ಅವರ ಹಿಂದೆ ನಿಂತಿರುತ್ತಿದ್ದ. ಹೊಡೆಯುತ್ತಿರಲಿಲ್ಲ. ಆ ಹುಳ ನೀನೇ ತಿನ್ನು ಅನ್ನುತ್ತಿದ್ದ.

ಅವತ್ತು ಊಟದ ಹೊತ್ತಿಗೆ ಅಂವನ ತಮ್ಮ ಬೀರಣ್ಣ ಬಂದ. ಹೆಗಲ ಮೇಲೆ ಒಂದು ಚೀಲ. ಭೀಮಾ ದಂಡೆಯಿಂದ ಆಳಂದದ ಕಡೆ ಹೊಂಟೀನಿ ಅಂದ. ಆ ವರ್ಷ ಬ್ಯಾಸಿಗಿ ಕೆಟ್ಟದಾಗಿತ್ತು, ಭೀಮಾ ಬತ್ತಿ ಅಲ್ಲೊಂದು ಇಲ್ಲೊಂದು ಮಡು ಉಳಿದಿತ್ತು. ಅದರ ಮೇಲೆ ಲಡಾಯಿಯ ಕಾಲ, ಜೋಳವನ್ನೆಲ್ಲ ಸರ್ಕಾರದವರು ಅಳೆದುಕೊಂಡು ಹೋಗುತ್ತಿದ್ದರು. ಹೆಂಡತಿಗೆ ದಿನ ತುಂಬ್ಯಾವ, ಬಾಯಿಗೆ ಏನೂ ರುಚಿ ಹತ್ತವಲ್ದು ಅಂದ. ಉಪ್ಪಿನ ಪಲ್ಯ ಕಟ್ಟಿಕೊಡಲೇನು ಅಂತ ಚಂದ್ರಾಮಪ್ಪ ಚಾಷ್ಟಿ ಮಾಡಿದ. ಅಣ್ಣತಮ್ಮರು ನಕ್ಕರು. ನಿಂಬೆವ್ವ ಮುಖ ಗಂಟು ಹಾಕಿಕೊಂಡಳು. ಬೀರಣ್ಣ ಉಂಡು ಹೋದ. ಸಂಜೆಗೆ ಕೋಳಿಗೂಡಿನ ಬಾಗಿಲು ಕಟ್ಟು ಅಂತ ಆಕಿ ಗಂಡನಿಗೆ ಹೇಳಿದಳು. ನಾಳೆ ಅಂದ ಅಂವ.

ಅಷ್ಟೇ ಆ ದಿನ. ಮುಂದೆ ಬಹಳ ಸಲ ಆಕಿ ಆ ದಿನವನ್ನು ಎತ್ತಿ ಝಾಡಿಸಿ ನೋಡಿದಳು. ಅದರೊಳಗಿಂದ ಏನೂ ಬೀಳಲಿಲ್ಲ.

ಮರುದಿನ ಮುಂಜಾನೆ ಅಂವ ಎಂದಿನಂತೆ ಏರಿ ಸುತ್ತಲು ಹೋದ. ಆಕಿ ಒಲೆ ಹಚ್ಚಿದ್ದಳು. ಮೊದಲ ಕೊಡದ ಹೆಂಗಸರು ಬಂದರು. ಅವರ ದನಿ ಕೇಳಿದಾಗ ಜಗಳ ಹತ್ತಿರಬೇಕು ಅಂದುಕೊಂಡಳು. ಹೊರಗೆ ಬಂದು ನೋಡಿದರೆ ಅವರು ಕಟ್ಟೆಯ ಮೇಲೆ ಸಾಲಾಗಿ ನಿಂತು ಕೆಳಗೆ ನೋಡುತ್ತಿದ್ದರು. ಯಾರ ಹಗ್ಗವೂ ನೀರಿಗೆ ಬಿದ್ದಿರಲಿಲ್ಲ.

ಚಂದ್ರಾಮಪ್ಪ ಕಡೆಯ ಮೆಟ್ಟಿಲ ಹತ್ತಿರ ನೀರಲ್ಲಿ ಬೋರಲು ಬಿದ್ದಿದ್ದ. ಜನ್ಮದಲ್ಲಿ ಯಾರೂ ಕಾಲಿಡದ ಮೆಟ್ಟಿಲು, ಪಾಚಿ ಬೆರಳುದ್ದ ಬೆಳೆದಿತ್ತು. ತುಂಬಿದ ಭೀಮಾ ಈಸಿ ದಾಟಿದ ಮನುಷ್ಯ ಕೆರೆಯ ಮೆಟ್ಟಿಲಲ್ಲಿ ಹೋದ. ಎತ್ತುವಾಗ ಅಂವನ ಜೊತೆಗೆ ಬಲೆಯೂ ಬಂತು. ಎರಡೂ ಕಾಲಿಗೆ ಸುತ್ತಿಕೊಂಡಿತ್ತು. ಬಲೆಯೊಳಗೆ ಮೀನು ಇನ್ನೂ ಒದ್ದಾಡುತ್ತಿದ್ದವು.

ಯಾರೂ ಅಳಲಿಲ್ಲ ಮೊದಲು. ಎಲ್ಲರೂ ಮೀನು ನೋಡಿದರು.

ದೌಲತರಾಯ ಬಂದ. ಒಳ್ಳೆಯ ಮನುಷ್ಯ ಅಂವ, ಕೆಟ್ಟವನಲ್ಲ. ಬಲೆಯನ್ನು ಬಡಿಗೆಯಿಂದ ಎತ್ತಿ ನಿಂಬೆವ್ವನ ಮುಂದೆ ಹಿಡಿದು, ಇದು ನಿಮ್ಮ ಮನೀದೇನವಾ ಅಂತ ಮೆಲ್ಲಗೆ ಕೇಳಿದ.

ಭೀಮಾ ದಂಡೆಯ ಕಬ್ಬಲಿಗರ ಬಲೆಯ ಅಂಚಿಗೆ ಸುಟ್ಟ ಮಣ್ಣಿನ ಗುಂಡು ಕಟ್ಟಿರುತ್ತಾರೆ, ಬಲೆ ತಳಕ್ಕೆ ಕೂಡಲಿ ಅಂತ. ಗಂಡಸರು ಬಲೆ ಹೆಣೆಯುತ್ತಾರೆ. ಗುಂಡು ಮಾಡುವವರು ಮನೆಯ ಹೆಂಗಸರು. ಹಸಿ ಇರುವಾಗಲೇ ಅದಕ್ಕೆ ಮನೆಯ ಗುರುತು ಒತ್ತಿ ಕುಳ್ಳಿನ ಬೆಂಕಿಯಲ್ಲಿ ಸುಡುತ್ತಾರೆ. ಬಲೆ ಹರಿದು ನೀರಲ್ಲಿ ಹೋದರೂ ಸಿಕ್ಕವರು ಗುಂಡು ನೋಡಿ ಇಂಥವರ ಮನೀದು ಅಂತ ತಂದುಕೊಡಬೇಕು. ಅದು ನದಿಯ ರಿವಾಜು. ನಿಂಬೆವ್ವನ ಅತ್ತೆ ಬಳೆಯ ಅಂಚು ಒತ್ತುತ್ತಿದ್ದಳು. ನಿಂಬೆವ್ವನೂ ಮದುವೆಯಾದ ಹೊಸದರಲ್ಲಿ ಎಷ್ಟೋ ಗುಂಡಿಗೆ ಬಳೆ ಒತ್ತಿದ್ದಳು. ಈ ಗುಂಡಿನ ಮೇಲೆ ಹುಣಸೆಬೀಜದ ಗುರುತಿತ್ತು.

"ನಮ್ಮ ಮನೀದಲ್ರಿ, ನಮ್ಮ ಗುಂಡಿಗೆ ಬಳಿ ಒತ್ತಿರ್ತೇವಿ," ಅಂದಳು.

ಊರು ನಂಬಲಿಲ್ಲ. ಸತ್ತವನ ಕಾಲಿಗೆ ಸುತ್ತಿದ ಬಲೆ ಯಾರದಂತ ಬಳೆ ನೋಡಿ ಹೇಳಬೇಕೇನು ಅಂತ ಆಡಿಕೊಂಡರು. ಬೇಲಿನೇ ಎದ್ದು ಹೊಲ ಮೇಯ್ದಂಗಾತು ಅಂದರು. ಇಷ್ಟು ವರ್ಷ ನಮ್ಮ ಗಾಳ ಕಸಿದು ತಾನು ಬುಟ್ಟಿ ತುಂಬಿಸಿಕೊಂಡಾನ ಅಂದರು. ಅಂವನ ಕೈಲಿ ಬೈಸಿಕೊಂಡವರೆಲ್ಲ ಅವತ್ತು ಅದನ್ನು ನೆನಪಿಟ್ಟುಕೊಂಡು ಬಂದಿದ್ದರು. ಮಣ್ಣು ಕೊಡುವಾಗ ಹೆಚ್ಚು ಅತ್ತವನು ಬೀರಣ್ಣ ಒಬ್ಬನೇ. ಸುದ್ದಿ ಮುಟ್ಟಿ ಓಡಿ ಬಂದಿದ್ದ. ಅಣ್ಣನ ಕಾಲು ಹಿಡಿದು ಬಿಡಲೊಲ್ಲ. ಆಕಿಗೆ ಅಂವನ ಮೇಲೆ ಮಮತೆ ಉಕ್ಕಿತು.

ಗುಡಿಸಲು ಬಿಡಬೇಕಾಯಿತು. ಕಳ್ಳನ ಹೆಂಡತಿಯನ್ನು ಕೆರೆಯ ಮೇಲೆ ಇಡುವುದು ಹೇಗೆ. ಊರೊಳಗೆ ಒಂದು ಬಿದ್ದ ಮನೆಯ ಪಡಸಾಲೆಯಲ್ಲಿ ಇದ್ದಳು. ತೊಗರಿ ಹೊಲಕ್ಕೆ ಕಳೆ ತೆಗೆಯಲು ಹೋದಳು. ಮಕ್ಕಳಿರಲಿಲ್ಲ. ಒಂದು ಹೊಟ್ಟೆ, ಹೆಂಗೋ ನಡೆಯುತ್ತಿತ್ತು. ನಡೆಯದೆ ಇದ್ದದ್ದು ಒಂದೇ. ಹೊಲದ ಸಾಲಿನಲ್ಲಿ ಯಾರಾದರೂ ಒಂದು ಕಾಯಿ ಉಡಿಗೆ ಹಾಕಿಕೊಂಡರೆ, ಏ ಚಂದ್ರಾಮನ ಕಾವಲು ಮಾಡಬ್ಯಾಡ್ರೆ ಅಂತ ನಗುತ್ತಿದ್ದರು. ಗಂಡನ ಹೆಸರು ಹಂಗೆ ಗಾದೆಯಾಗಿಬಿಟ್ಟಿತ್ತು. ಆಕಿ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಕೂತಲ್ಲೇ ಕೂಡುತ್ತಿದ್ದಳು. ಅಂವ ಕಳ್ಳನಲ್ಲ ಅನ್ನುವ ಒಂದು ಮಾತು ಊರ ಬಾಯಿಂದ ಬರಬೇಕು. ಮತ್ತೇನೂ ಆಕಿಗೆ ಬೇಕಿರಲಿಲ್ಲ.

ಊರು ಕೆರೆಯ ನೀರು ಬಿಟ್ಟಿತು. ಹೆಣ ಬಿದ್ದ ನೀರು. ಖಾಲಿ ಮಾಡಿ ತೊಳೆಯೋಣ ಅಂದರು ಹಿರಿಯರು. ಎತ್ತು ಕಟ್ಟಿ ಕಪಲಿ ಹೂಡಿ ನೀರು ಎತ್ತಿದರು, ಒಳಗೆ ಸೆಲೆ ಇತ್ತು, ಎತ್ತಿದಷ್ಟೂ ಬಂತು. ಆಮೇಲೆ ಚಾವಡಿಯ ಹಿಂದೆ ಆಳಕ್ಕೆ ತೋಡಿದಾಗ ಹೆಂಗೋ ಸಿಹಿನೀರೇ ಸಿಕ್ಕಿತು. ಬಾವಿಗೆ ಗಡಗಡಿ ಕೂಡಿಸಿದರು. ಕೆರೆ ಹಾಗೇ ಬಿದ್ದುಕೊಂಡಿತು.

ಮುಂದಿನ ವರ್ಷ ಊರೂರು ನೋಡುತ್ತ ದೌರಾಕ್ಕೆ ಬಂದ ದೊಡ್ಡ ಸಾಹೇಬರು ಸಂಜೆ ಏರಿಯ ಮೇಲೆ ತಿರುಗಾಡಿದರು. ತಂಪು ಗಾಳಿ, ಬೇವಿನ ನೆರಳು, ನೀರೊಳಗೆ ಮೀನು ತಿರುವಿ ಹಾಕುತ್ತಿದ್ದವು. ಕುಡಿಯದ ನೀರಿಗೆ ಕಾವಲು ಯಾಕ ಅಂತ ಕೇಳಿದರಂತೆ. ಹತ್ತು ಜನ ಕೂಡಲಿ, ಈಸಲಿ, ಹಿಡಿದು ತಿನ್ನಲಿ ಅಂದರಂತೆ. ಡಂಗುರ ಸಾರುವ ಪೀರಸಾಬ ಹಲಗಿ ಬಡಿದು ಊರು ಸುತ್ತಿದ. ಕೆರಿ ಖುಲ್ಲಾ ಆಗ್ಯದ, ಯಾರು ಬೇಕಾದವರು ಮೀನ ಹಿಡೀಬಹುದು, ಈಸಬಹುದು, ಕುಂತು ಹವಾ ತಗೋಬಹುದು, ಜಾತಿ ಪಾತಿ ಕೇಳಂಗಿಲ್ಲ.

ನಿಂಬೆವ್ವ ಬಾಗಿಲಲ್ಲಿ ನಿಂತು ಕೇಳಿದಳು. ಪೀರಸಾಬ ಮುಂದಿನ ಓಣಿಗೆ ಹೋದ. ಆಕಿ ಹಿಂದೆ ಹೋಗಿ ಮತ್ತೊಮ್ಮೆ ಕೇಳಿದಳು. ಅದೇ ಮಾತು. ನಿನ್ನೆಯ ತನಕ ಕಳವು ಅನ್ನಿಸಿಕೊಂಡದ್ದು ಈ ಹಲಗಿಯ ಪೆಟ್ಟಿಗೆ ಕಳವು ಅಲ್ಲ. ಹಂಗಾದರೆ ಸತ್ತವನು ಏನಾದ? ಯಾರನ್ನು ಕೇಳಬೇಕು ಇದನ್ನ? ಪೀರಸಾಬನನ್ನೇ ಕೇಳಿದಳು. ನನಗ ಬಡೀ ಅಂದಾರ, ಬಡಿಯಾಕತ್ತೇನಿ, ಖಾಲಾ, ಅಂದ ಅಂವ.

ಜನ ಮುಗಿಬಿದ್ದರು. ಶುಕ್ರವಾರ ಮುಸಲ್ಮಾನರ ಹೆಣ್ಣುಮಕ್ಕಳು ಖಿಚಡಿ ಕಟ್ಟಿಕೊಂಡು ಬಂದು ಬೇವಿನ ಕೆಳಗೆ ಚಾದರ ಹಾಸಿದರು. ಸಾವಕಾರರ ಮಕ್ಕಳು ಕಟ್ಟೆಯಿಂದ ಜಿಗಿದರು. ಗೌಡಕಿಯವರು ಮೀನು ಮುಟ್ಟದಿದ್ದರೂ ಸಂಜೆಗೆ ಬಂದು ಹವಾ ತಗೊಂಡರು. ಮೆಟ್ಟಿಲ ಪಾಚಿ ಕಾಲಿಗೇ ಸವೆದುಹೋಯಿತು. ದೌಲತರಾಯ ಸೊಲ್ಲಾಪುರದಿಂದ ಬಿದಿರಿನ ಗಾಳದ ಕೋಲು ತರಿಸಿದ. ಏನೂ ಸಿಗುತ್ತಿರಲಿಲ್ಲ, ಆದರೂ ದಿನಾ ಕೂಡುತ್ತಿದ್ದ. ಚಂದ್ರಾಮ ಇದ್ದಿದ್ದರ ಹುಳ ನಿಮಗ ತಿನ್ನಿಸ್ತಿದ್ದ ನೋಡ್ರಿ ಪಾಟೀಲರ ಅಂತ ಯಾರೋ ಅಂದರಂತೆ. ಎಲ್ಲರೂ ನಕ್ಕರಂತೆ, ಪಾಟೀಲನೂ.

ನಿಂಬೆವ್ವ ಆ ಕಡೆ ಕಾಲಿಡಲಿಲ್ಲ. ಹೊಲಗೇರಿಯ ಗಂಗುಬಾಯಿ ಒಂದು ದಿನ ಕಳೆ ತೆಗೆಯುವಾಗ ಆಕಿಯನ್ನು ಕರೆದಳು. ಬಾ, ನೋಡಿ ಬರೋಣು ಅಂದಳು. ಬೇವಿನ ಬುಡದಲ್ಲಿ ಕೊಡ ಇಟ್ಟು ಕಾಯುತ್ತಿದ್ದವಳು ಈ ಗಂಗುಬಾಯಿಯೇ. ಮಂದಿ ಚಂದ್ರಾಮಪ್ಪನನ್ನು ಕಳ್ಳ ಅಂದಾಗ ಆಕಿ ಸುಮ್ಮನಿದ್ದವಳು. ಕಳ್ಳನಲ್ಲ ಅಂತಲೂ ಅಂದಿರಲಿಲ್ಲ.

ನಿನಗ ಖುಷಿ ಆಗ್ಯದೇನು ಅಂತ ನಿಂಬೆವ್ವ ಕೇಳಿದಳು.

ಗಂಗುಬಾಯಿ ಒಂದು ಹುಲ್ಲಿನ ಗಡ್ಡೆ ಕಿತ್ತು ಮಣ್ಣು ಝಾಡಿಸಿದಳು. "ಕುಡಿಯೋ ನೀರಿದ್ದಾಗ ನಮ್ಮದಿರಲಿಲ್ಲ. ಯಾರೂ ಕುಡಿಯೊಲ್ಲೆ ಅಂದ ಮ್ಯಾಲ ನಮ್ಮದೂ ಆಗ್ಯದ. ಖುಷಿ ಪಡಬೇಕೊ ಉಗುಳಬೇಕೊ, ನನಗೂ ತಿಳಿಯವಲ್ದು. ನನ್ನ ಮಗಳು ಮಾತ್ರ ಅದರಾಗ ಈಸು ಕಲ್ತಾಳ."

ನಿನ್ನ ಗಂಡ ಭಾಳ ಎತ್ತರದಿಂದ ಸುರಿತಿದ್ದ, ಅರ್ಧ ನೆಲಕ್ಕೇ ಹೋಗ್ತಿತ್ತು ಅಂತಲೂ ಅಂದಳು. ನಿಂಬೆವ್ವ ಇದನ್ನು ಎಂದೂ ಯೋಚಿಸಿರಲಿಲ್ಲ. ಅಂವ ಕಾಯ್ದದ್ದು ನೀರನ್ನು ಅಂತ ಇಷ್ಟು ದಿನ ತಿಳಿದಿದ್ದಳು. ಯಾರಿಂದ ಅಂತ ಕೇಳಿಕೊಂಡಿರಲಿಲ್ಲ. ಆಕಿ ಗಂಗುಬಾಯಿಯ ಹಿಂದೆ ಹೋದಳು.

ಕೆರೆಯ ಮೇಲೆ ಜಾತ್ರೆಗಿಂತ ಹೆಚ್ಚು ಗದ್ದಲ. ಭೀಮಾ ದಂಡೆಯ ಮೀನುಗಾರರೂ ಬಂದಿದ್ದರು. ಮೆಟ್ಟಿಲ ಮೇಲೆ ಬಲೆಗಳನ್ನು ಬಿಸಿಲಿಗೆ ಹರವಿದ್ದರು. ಅಲ್ಲಿ ಬೀರಣ್ಣನೂ ಇದ್ದ. ಆಕಿಯನ್ನು ನೋಡಿ ಎದ್ದು ನಿಂತ, ವೈನಿ ಬರ್ರಿ ಅಂದ. ಆಕಿಗೆ ನೀರು ನೋಡಲಾಗಲಿಲ್ಲ. ಕೆಳಗೆ ನೋಡುತ್ತ ಅಂವನ ಬಲೆಯ ಪಕ್ಕ ಕೂತಳು. ಸುಮ್ಮನೆ ಕೈಗೆ ಏನಾದರೂ ಬೇಕು ಅಂತ ಒಂದು ಗುಂಡು ಹಿಡಿದಳು. ಬೆರಳಿಗೆ ತಗ್ಗು ಹತ್ತಿತು.

ಹುಣಸೆಬೀಜ.

ಪಕ್ಕದ್ದು ನೋಡಿದಳು. ಅದೂ ಹುಣಸೆಬೀಜ. ಬಲೆಯ ಅಂಚು ಹಿಡಿದು ಒಂದೊಂದೇ ಸರಿಸುತ್ತ ಹೋದಳು. ಒಂದಕ್ಕೂ ಬಳೆಯ ಗುರುತಿಲ್ಲ.

"ಇದು ಯಾರ ಗುರುತು, ಬೀರಣ್ಣ?"

"ನನ್ನ ಹೇಣ್ತೀದು. ಅವ್ವ ಸತ್ತ ಮ್ಯಾಲ ತನ್ನ ತವರಮನಿ ಗುರುತು ಹಾಕ್ತಾಳ." ಅಂದ ಮೇಲೆ ಅಂವನಿಗೆ ತಾನು ಏನು ಅಂದೆ ಅಂತ ತಿಳಿಯಿತು.

ನಿಂಬೆವ್ವ ಗಂಡನ ಜೊತೆ ಕೆರೆಯ ಮೇಲೆ ಮನೆ ಮಾಡಿದ ಮೇಲೆ ಭೀಮಾ ದಂಡೆಯ ಮನೆಗೆ ಹೋದದ್ದು ಕಡಿಮೆ. ಹೊಸ ಸೊಸೆ ಏನು ಒತ್ತುತ್ತಾಳೆ ಅಂತ ಗೊತ್ತಿರಲಿಲ್ಲ. ನಮ್ಮ ಮನೀದಲ್ಲ ಅಂತ ಪಾಟೀಲನ ಮುಂದೆ ಹೇಳಿದ್ದಳು. ನಮ್ಮ ಮನೀದೇ ಆಗಿತ್ತು.

ಬೀರಣ್ಣ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದ. ಹೆಂಡತಿ ಮೀನು ಬೇಕು ಅಂತ ಬಯಕೆ ಹಿಡಿದಿದ್ದಳು. ಭೀಮಾದಾಗ ಮೀನಿಲ್ಲ. ಅಣ್ಣನನ್ನು ಕೇಳಿದರೆ ಇಲ್ಲ ಅನ್ನುತ್ತಾನೆ. ಅದಕ್ಕೇ ಆ ದಿನ ಉಂಡು ಆಳಂದಕ್ಕೆ ಹೋಗಲಿಲ್ಲ. ಹೊತ್ತು ಮುಳುಗಿದಾಗ ಹಿಂದಿನ ಏರಿಯಿಂದ ಮೆಟ್ಟಿಲ ತನಕ ಬಲೆ ಬಿಟ್ಟ. ಬೆಳಕು ಹರಿಯುವ ಮೊದಲು ಎತ್ತಬೇಕಂತ ಹೊಲದಲ್ಲಿ ಮಲಗಿದ. ನಿದ್ದೆ ಹತ್ತಿತು. ಎದ್ದು ಬಂದಾಗ ಕಟ್ಟೆಯ ಮೇಲೆ ಮಂದಿ. ಓಡಿಹೋದ.

ಅಣ್ಣ ಗುಂಡು ನೋಡಿರಬೇಕು, ವೈನಿ, ಅಂದ. ಒಮ್ಮೆ ಮನಿಗೆ ಬಂದಾಗ ಅಂವನೇ ನನ್ನ ಹೇಣ್ತಿ ಮಾಡಿದ ಗುಂಡು ನೋಡಿ ನಕ್ಕಿದ್ದ. ಯಾರಾದರೂ ನೋಡೋದರಾಗ ಬಲಿ ತಗದು ಮುಚ್ಚಿಡಬೇಕಂತ ಇಳಿದಿರಬೇಕು.

ನೋಡಿದ್ದನೊ ಇಲ್ಲವೊ. ಯಾರದೋ ಬಲೆ, ನೀರು ಕೆಡುತ್ತದೆ ಅಂತ ಇಳಿದನೊ. ತಮ್ಮನದು ಅಂತ ಇಳಿದನೊ. ಮೊದಲನೆಯದಾದರೆ ಅಂವ ಕಾವಲಿನವನು. ಎರಡನೆಯದಾದರೆ ಕಳವು ಮುಚ್ಚಿದವನು. ಆಕಿ ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿದಳು. ಯಾವುದೂ ಕೆಳಗೆ ಬರಲಿಲ್ಲ. ಬೀರಣ್ಣನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಮಗು ಹೆಂಗದ ಅಂತ ಕೇಳಿದಳು. ಬಾಯಿಂದ ಬಂದದ್ದು ಅದು. ಹಲ್ಲು ಬಂದಾವ ಅಂದ ಅಂವ, ಅಳುತ್ತ.

ಆಮೇಲೆ ರಟ್ಟೆ ಹಿಡಿದು ಎಬ್ಬಿಸಿದಳು. ನಡಿ ಪಾಟೀಲನ ಹತ್ತರ ಅಂದಳು. ಪಾಟೀಲ ದೂರ ಇರಲಿಲ್ಲ. ಅಲ್ಲೇ ಬೇವಿನ ಕೆಳಗೆ ಗಾಳದ ಕೋಲು ಹಿಡಿದು ಕೂತಿದ್ದ. ಬೀರಣ್ಣ ಎಲ್ಲರೂ ಕೇಳುವಂತೆ ಹೇಳಿದ. ಈಸುವವರು ನಿಂತು ಕೇಳಿದರು. ಬಲೆಯವರು ಕೇಳಿದರು. ಹೇಳಿ ಮುಗಿಸಿ, ಏನ ಶಿಕ್ಷಾ ಕೊಡ್ತೀರಿ ಕೊಡ್ರಿ ಅಂದ.

ದೌಲತರಾಯ ಗಾಳದ ಬೆಂಡು ನೋಡುತ್ತಿದ್ದ.

"ಯಾವುದಕ್ಕ ಶಿಕ್ಷಾ ಕೊಡ್ಲಿ? ಮೀನ ಹಿಡಿದಿದ್ದಕ್ಕೇನು? ನಾನೂ ಹಿಡಿಯಾಕತ್ತೇನಿ."

"ಆವಾಗ ಕಳವು ಇತ್ತಲ್ರಿ," ಅಂದಳು ನಿಂಬೆವ್ವ.

"ಆವಾಗಿತ್ತು."

"ಹಂಗಾರ ನನ್ನ ಗಂಡ ಕಳ್ಳ ಅಲ್ಲಂತ ಹೇಳ್ರಿ. ಇಷ್ಟ ಮಂದಿ ಮುಂದ ಹೇಳ್ರಿ."

"ಈಗ ಯಾರೂ ಕಳ್ಳರಲ್ಲ, ನಿಂಬೆವ್ವ. ನಿನ್ನ ಗಂಡನೊಬ್ಬನ್ನ ಬ್ಯಾರೆ ತಗದು ಏನಂತ ಹೇಳ್ಲಿ?"

ಅಂವ ಕುಚೇಷ್ಟೆ ಮಾಡುತ್ತಿರಲಿಲ್ಲ. ಅಂವನ ಮುಖ ನೋಡಿದರೆ ತಿಳಿಯುತ್ತಿತ್ತು, ಅಂವನಿಗೂ ಇದು ಬಗೆಹರಿದಿರಲಿಲ್ಲ. ಕಾನೂನು ಇದ್ದಾಗ ಅಂವ ಕಾನೂನಿನವನು. ಕಾನೂನು ಹೋದ ಮೇಲೆ ಕೋಲು ಹಿಡಿದು ಕೂತ ಒಬ್ಬ ಮನುಷ್ಯ. ಗಂಗುಬಾಯಿ ಒಬ್ಬಳೇ, ಹೇಳಿದ್ರ ನಿಮ್ಮ ಗಂಟೇನು ಹೋಗ್ತದ ಪಾಟೀಲರ ಅಂದಳು. ಆಕಿ ಪಾಟೀಲನ ಎದುರು ಮಾತಾಡಿದ್ದು ಅದೇ ಮೊದಲು. ಪಾಟೀಲ ಅದಕ್ಕೂ ಸಿಟ್ಟಾಗಲಿಲ್ಲ. ಬೆಂಡು ಅಲುಗಿತು, ಕೋಲು ಎತ್ತಿದ. ಅಂವನ ಜನ್ಮದ ಮೊದಲ ಮೀನು. ಅಂಗೈಯಗಲ ಇತ್ತು. ಮಂದಿ ಹೋ ಅಂದರು.

ದೌಲತರಾಯ ಆ ಮೀನು ಹಿಡಿದುಕೊಂಡು ಎದ್ದ. ಆಮೇಲೆ ಮೆಟ್ಟಿಲು ಇಳಿದು, ಚಂದ್ರಾಮಪ್ಪನ ಹೆಣ ಎತ್ತಿ ಮಲಗಿಸಿದ್ದ ಕಲ್ಲಿನ ಮೇಲೆ ಅದನ್ನಿಟ್ಟ. ಇದು ಚಂದ್ರಾಮನ ಪಾಲು ಅಂದ. ಕೋಲು ಎತ್ತಿಕೊಂಡು ಮನೆಗೆ ಹೋದ.

ಅಂವ ಏನು ತಿಳಿದು ಇಟ್ಟನೊ. ತಪ್ಪಾಯಿತು ಅಂತ ಇಟ್ಟನೊ, ಹೇಳಬೇಕಾದ ಮಾತಿನ ಬದಲಿಗೆ ಇಟ್ಟನೊ. ಊರು ಮಾತ್ರ ತನಗೆ ಬೇಕಾದಂತೆ ತಿಳಿಯಿತು. ಮರುದಿನ ಒಬ್ಬ ಇಟ್ಟ, ಅಂವನ ಬಲೆ ತುಂಬಿತು. ಮೂರನೆಯ ದಿನ ಇಬ್ಬರು ಇಟ್ಟರು. ಮಳೆಗಾಲ ಬರುವ ಹೊತ್ತಿಗೆ ಚಂದ್ರಾಮಪ್ಪನಿಗೆ ಮೊದಲ ಮೀನು ಇಡದೆ ಯಾರೂ ಬುಟ್ಟಿ ಎತ್ತುತ್ತಿರಲಿಲ್ಲ. ಈ ಕೆರೆಯ ಮೊದಲ ಬಲೆಯವನು ಅಂವನೇ, ಅಂವ ಜೀವ ಕೊಟ್ಟು ಕೆರೆ ತೆರೆಸಿದ ಅಂತ ಹೊಸಬರಿಗೆ ಹೇಳುತ್ತಿದ್ದರು. ಕಳ್ಳ ಅನ್ನುವ ಮಾತು ಹೋಯಿತು. ಹೊಗಳಿಕೆ ಬಂತು. ಆಕಿ ಕೇಳಿದ್ದು ಇದಲ್ಲ.

ಒಂದು ದಿನ ಹೋಗಿ ಬಲೆಯವರಿಗೆ ಹೇಳಿದಳು. ಅಂವ ಮೀನ ಹಿಡೀಲಿಲ್ಲ, ಕಾಯ್ದ, ಇಲ್ಲಿ ಮೀನ ಇಡಬ್ಯಾಡ್ರಿ ಅಂದಳು. ಅವರಲ್ಲೊಬ್ಬ ಮುದುಕ ಬಲೆ ಬಿಡಿಸುತ್ತಿದ್ದವನು ತಲೆ ಎತ್ತಿ, ಅದಕ್ಕ ಇಡ್ತೇವಿ ಬೇ ತಂಗಿ, ಇಷ್ಟು ವರ್ಷ ಕಾಯ್ದಾಂವ, ಅಂವ ಕಾಯಲಿಲ್ಲಂದ್ರ ಇಷ್ಟು ಮೀನ ಎಲ್ಲಿರ್ತಿದ್ದು, ಕಾಯ್ದಾಂವಗ ಪಾಲು ಬ್ಯಾಡೇನು ಅಂದ.

ಮುದುಕ ಅಂದದ್ದು ಸರಿಯೇ ಇತ್ತು. ಸರಿ ಇದ್ದೂ ಎಲ್ಲೋ ತಪ್ಪಿತ್ತು. ಎಲ್ಲಿ ಅಂತ ಹುಡುಕುತ್ತ ಮನೆಗೆ ಬಂದಳು. ಸಿಗಲಿಲ್ಲ.

ಲಡಾಯಿ ಮುಗಿಯಿತು. ದೌಲತರಾಯ ತೀರಿಕೊಂಡ. ಬೀರಣ್ಣನ ಮಗ ಈಗ ತಾನೇ ಬಲೆ ಎಳೆಯುವಷ್ಟಾಗಿದ್ದಾನೆ. ನಿಂಬೆವ್ವ ಇನ್ನೂ ಆ ಪಡಸಾಲೆಯಲ್ಲೇ ಇದ್ದಾಳೆ. ದಿನಾ ಮುಂಜಾನೆ ಹೊಲಕ್ಕೆ ಹೋಗುವ ಮೊದಲು ಕೆರೆಗೆ ಹೋಗುತ್ತಾಳೆ. ಸೀರೆ ಎತ್ತಿ ಕಟ್ಟಿ ಮೆಟ್ಟಿಲು ಇಳಿಯುತ್ತಾಳೆ. ಕಲ್ಲಿನ ಮೇಲೆ ಇಟ್ಟ ಮೀನು ಎತ್ತುತ್ತಾಳೆ. ಜೀವ ಇದ್ದದ್ದನ್ನು ನೀರಿಗೆ ಬಿಡುತ್ತಾಳೆ. ಸತ್ತದ್ದನ್ನು ಏನು ಮಾಡಬೇಕೊ ಆಕಿಗೆ ಇನ್ನೂ ತಿಳಿದಿಲ್ಲ. ಕೆಲವು ದಿನ ಗಂಗುಬಾಯಿಗೆ ಕೊಡುತ್ತಾಳೆ. ಕೆಲವು ದಿನ ಉಡಿಯಲ್ಲಿ ಹಾಕಿಕೊಂಡು ಹೋಗಿ ಹುಳಿ ಮಾಡಿ ಉಣ್ಣುತ್ತಾಳೆ. ರುಚಿಯಾಗಿಯೇ ಇರುತ್ತದೆ. ಬೊಗಸೆಯಲ್ಲಿ ನೀರು ತಗೊಂಡು ಕಲ್ಲು ತೊಳೆಯುತ್ತಾಳೆ, ಒಣಗಿದ ಹುರುಪೆಯನ್ನು ಉಗುರಿನಿಂದ ಕೆರೆದು ತೆಗೆಯುತ್ತಾಳೆ. ಆಮೇಲೆ ಕೈ ತೊಳೆದುಕೊಂಡು ಮೇಲೆ ಹತ್ತಿ ಬರುತ್ತಾಳೆ.